ಹುಳಹಾವಿನ ಅಳತೆಯ ವಿಷ

ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ನೆಲಮಂಗಲದ ಕಡೆ ಹೊರಟರೆ ಸಿಗುವ ಮಾಕಳಿ ಈಗ ಹಳ್ಳಿಯೂ ಹೌದು, ಬೆಂಗಳೂರಿನ ಅಂಚೂ ಹೌದು. ಗೋದಾಮು, ಕಾರ್ಖಾನೆ, ಹೊಸ ಬಡಾವಣೆಗಳ ಸಂದಿಯಲ್ಲಿ ಅಷ್ಟಿಷ್ಟು ರಾಗಿ ಹೊಲ, ನೀಲಗಿರಿ ತೋಪು, ಹೊಲದ ಬದು, ಬದುವಿನ ಮೇಲೆ ಹಿಂದಿನವರು ಆರಿಸಿ ಒಟ್ಟಿದ ಕಲ್ಲುಗುಡ್ಡೆ ಇನ್ನೂ ಉಳಿದಿವೆ. ಇಂಥ ಜಾಗಕ್ಕೆ ಜೆಸಿಬಿ ಬಂದು ಬದು ಸಮ ಮಾಡುವಾಗ, ಪಾಯ ತೋಡುವಾಗ, ಕೆಮ್ಮಣ್ಣಿನ ಜೊತೆ ಒಮ್ಮೊಮ್ಮೆ ಸಣ್ಣ ಹಾವೊಂದು ಮೇಲೆ ಬರುತ್ತದೆ. ‘ನಾಗರಮರಿ ಕಣ್ರೀ’ ಎಂದು ಒಬ್ಬರು ಕೂಗಿದರೆ, ‘ಅಲ್ಲ, ಕಟ್ಟುಹಾವಿನ ಮರಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ವಾದ ಮುಗಿಯುವ ಮೊದಲೇ ಸಲಾಕೆ ಬಿದ್ದಿರುತ್ತದೆ.

ಹೀಗೆ ಸಾಯುವ ಸಣ್ಣ ಹಾವುಗಳಲ್ಲಿ ಎಷ್ಟೋ ಮರಿಗಳೇ ಅಲ್ಲ. ಪೂರ್ತಿ ಬೆಳೆದರೂ ಅಷ್ಟೇ ಇರುವ, ಬದುಕಿನ ಬಹುಪಾಲನ್ನು ಮಣ್ಣಿನೊಳಗೆ, ಕಲ್ಲಿನಡಿಯಲ್ಲಿ, ತರಗೆಲೆಯ ಕೆಳಗೆ ಕಳೆಯುವ ಹಾವುಗಳು ಅವು. ಅವುಗಳಲ್ಲೊಂದು ತೆಳು ಹವಳದ ಹಾವು. ವಿಜ್ಞಾನದ ಹೆಸರು ಕ್ಯಾಲಿಯೋಫಿಸ್ ಮೆಲನ್ಯೂರಸ್. ದಕ್ಷಿಣ ಭಾರತದ ಬಯಲಲ್ಲೂ ಶ್ರೀಲಂಕಾದಲ್ಲೂ ಇರುವ ಈ ಹಾವು ಬೆಂಗಳೂರು ಸುತ್ತಿನ ಹಾವುಗಳ ಪಟ್ಟಿಯಲ್ಲೂ ಇದೆ. ಆದರೂ ಇಲ್ಲೇ ಹುಟ್ಟಿ ಬೆಳೆದ ಬಹಳ ಜನ ಅದನ್ನು ಕಂಡಿಲ್ಲ. ಕಂಡವರೂ ಅದರ ಹೆಸರು ತಿಳಿಯದೆ ಕಂಡಿದ್ದಾರೆ.

ಇದು ನಾಗರಹಾವಿನ, ಕಟ್ಟುಹಾವಿನ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬದ ಹಾವುಗಳಿಗೆ ಮೇಲ್ದವಡೆಯ ಮುಂಭಾಗದಲ್ಲೇ ವಿಷದ ಹಲ್ಲುಗಳಿರುತ್ತವೆ. ಮಂಡಲದ ಹಾವುಗಳ ಹಲ್ಲಿನಂತೆ ಅವು ಮಡಚಿಕೊಳ್ಳುವುದಿಲ್ಲ, ಇದ್ದಲ್ಲೇ ನಿಂತಿರುತ್ತವೆ. ಹವಳದ ಹಾವಿನಲ್ಲೂ ಅದೇ ಏರ್ಪಾಡು, ಆದರೆ ಅಳತೆ ತೀರಾ ಚಿಕ್ಕದು. ಈ ಹಾವು ಉದ್ದದಲ್ಲಿ ಸುಮಾರು 35 ಸೆಂಟಿಮೀಟರ್ ಮುಟ್ಟಿದರೆ ಅದೇ ದೊಡ್ಡದು. ದಪ್ಪವೆಂದರೆ ಪೆನ್ಸಿಲಿಗಿಂತ ಕಡಿಮೆ. ತಲೆ, ಕತ್ತು ಕಪ್ಪು, ಆ ಕಪ್ಪಿನ ಮೇಲೆ ಹಳದಿ ಮಚ್ಚೆ. ಮೈ ತಿಳಿಗಂದು, ಅದರ ಮೇಲೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆ. ಬಾಲದ ಬುಡದಲ್ಲೊಂದು, ತುದಿಯ ಹತ್ತಿರ ಇನ್ನೊಂದು ಕಪ್ಪು ಪಟ್ಟೆ. ಇಷ್ಟು ಮೇಲಿನಿಂದ ಕಾಣುವುದು. ಹೊಟ್ಟೆಯ ಕಡೆ ಮಾತ್ರ ಹವಳದ ಕೆಂಪು. ಆ ಬಣ್ಣ ನೆಲಕ್ಕೆ ಒತ್ತಿಕೊಂಡಿರುವುದರಿಂದ ಅದು ಹರಿದುಹೋಗುವುದನ್ನು ನೋಡಿದವರಿಗೂ ಕಾಣದೇ ಇರಬಹುದು.

ಮಣ್ಣಿನೊಳಗೆ ಬದುಕುವ ಮೈಕಟ್ಟನ್ನು ನಿಧಾನವಾಗಿ ನೋಡಬೇಕು. ತಲೆ ಕತ್ತಿಗಿಂತ ಅಗಲವಿಲ್ಲ. ಹೆಡೆ ಇಲ್ಲ, ಹೊರಚಾಚಿದ ಕೆನ್ನೆ ಇಲ್ಲ; ಬಿರುಕಿನೊಳಗೆ ನುಗ್ಗುವಾಗ ತಡೆಯುವಂಥದ್ದು ಯಾವುದೂ ಇಲ್ಲ. ಕಣ್ಣು ಪುಟ್ಟದು. ಮೈಯ ಸುತ್ತ ಹುರುಪೆಗಳು ಬರೀ 13 ಸಾಲು, ಎಲ್ಲವೂ ನುಣುಪು, ಮಿನುಗುವಷ್ಟು ನುಣುಪು. ಒದ್ದೆ ಮಣ್ಣಿನಲ್ಲಿ ಓಡಾಡಿದರೂ ಮೈಗೆ ಮಣ್ಣು ಮೆತ್ತಿಕೊಳ್ಳುವುದಿಲ್ಲ. ಹೊರಗಿವಿ ಯಾವ ಹಾವಿಗೂ ಇಲ್ಲ. ನೆಲದ ಕಂಪನ ಕೆಳದವಡೆಯ ಮೂಳೆಯಿಂದ ಒಳಗಿವಿಗೆ ತಲುಪುತ್ತದೆ, ಮಣ್ಣೊಳಗಿನ ಜೀವಕ್ಕೆ ಅದೇ ದೊಡ್ಡ ಆಸರೆ. ಹಾಗೆಂದು ಇದು ಹೆಗ್ಗಣದ ಹಾಗೆ ತೋಡುವ ಪ್ರಾಣಿಯಲ್ಲ. ಸಡಿಲ ಮಣ್ಣು, ಬೇರಿನ ಪಕ್ಕದ ಸಂದು, ಇರುವೆ ಗೆದ್ದಲುಗಳು ಮಾಡಿಟ್ಟ ದಾರಿ, ಇಂಥವುಗಳಲ್ಲಿ ನುಸುಳಿಕೊಂಡು ಬದುಕುತ್ತದೆ. ಗಟ್ಟಿ ನೆಲವನ್ನು ಒಡೆಯುವ ಬಲ ಅದಕ್ಕಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮುಟ್ಟಲು ಹೋದರೆ ಅದು ಏನು ಮಾಡುತ್ತದೆ? ತಲೆ ಎತ್ತಿ ಬುಸುಗುಟ್ಟುವುದಿಲ್ಲ. ಮೈ ಸುರುಳಿ ಮಾಡಿಕೊಂಡು, ತಲೆಯನ್ನು ಒಳಗಿಟ್ಟು, ಬಾಲವನ್ನು ಮೇಲಕ್ಕೆ ಮಡಚಿ ತಿರುಗಿಸುತ್ತದೆ. ಅಲ್ಲಿಯವರೆಗೆ ನೆಲಕ್ಕಿದ್ದ ಬಾಲದ ಅಡಿಭಾಗದ ನೀಲಿ ಬೂದು ಬಣ್ಣವೂ ಅದರ ಮೇಲಿನ ಕಪ್ಪು ಗುರುತೂ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಶತ್ರುವಿನ ಗಮನವೆಲ್ಲ ಬಾಲದ ಕಡೆ ಹೋಗಲಿ, ಕೊಕ್ಕೋ ಉಗುರೋ ಬಿದ್ದರೆ ಅಲ್ಲಿ ಬೀಳಲಿ ಎಂಬ ಉಪಾಯ. ಬಾಲದ ತುದಿಗೆ ಗಾಯವಾದರೆ ಹಾವು ಬದುಕಿಕೊಳ್ಳಬಹುದು, ತಲೆಗಾದರೆ ಇಲ್ಲ. ನಮ್ಮ ಬಯಲು ಸೀಮೆಯ ಮಣ್ಣುಮುಕ್ಕ ಹಾವು ಕೂಡ ಇದೇ ದಾರಿ ಹಿಡಿದಿದೆ. ಅದರ ಮೊಂಡು ಬಾಲ ತಲೆಯ ಹಾಗೆಯೇ ಕಾಣುವುದರಿಂದ ಜನ ಅದನ್ನು ಇರ್ತಲೆ ಹಾವು ಎಂದರು, ಎರಡು ತಲೆಯ ಹಾವು ಮನೆಯಲ್ಲಿದ್ದರೆ ಹಣ ಬರುತ್ತದೆಂದು ನಂಬಿದರು. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಕಳ್ಳಸಾಗಣೆಯವರು ಅದರ ಸಂತತಿಗೇ ಕುತ್ತು ತಂದಿದ್ದಾರೆ. ಶತ್ರುವನ್ನು ತಪ್ಪಿಸಲು ಬೆಳೆದ ಬಾಲವೇ ಮನುಷ್ಯನ ಕೈಗೆ ಅದನ್ನು ಹಿಡಿದುಕೊಟ್ಟಿತು. ಹವಳದ ಹಾವಿಗೆ ಸದ್ಯ ಅಂಥ ಕತೆ ಯಾವುದೂ ಅಂಟಿಲ್ಲ, ಅದು ಒಳ್ಳೆಯದೇ ಆಯಿತು.

ಇನ್ನು ವಿಷದ ಮಾತು. ಪುಸ್ತಕಗಳು ಈ ಹಾವನ್ನು ‘ಸೌಮ್ಯ ವಿಷದ ಹಾವು’ ಎನ್ನುತ್ತವೆ. ಇದು ಕಚ್ಚಿದಾಗ ಮನುಷ್ಯರಲ್ಲಿ ದಾಖಲಾಗಿರುವುದು ಸ್ವಲ್ಪ ಊತ, ತುರಿಕೆ. ಬಾಯಿ ಎಷ್ಟು ಚಿಕ್ಕದೆಂದರೆ ನಮ್ಮ ಚರ್ಮದಲ್ಲಿ ಹಲ್ಲೂರಲು ಅದಕ್ಕೆ ಸರಿಯಾದ ಪಟ್ಟು ಸಿಗುವುದೇ ಕಷ್ಟ. ಆದರೆ ಸೌಮ್ಯ ಎನ್ನುವಾಗ ನಾವು ಯಾರ ಮೈಯನ್ನು ಅಳತೆಗೋಲು ಮಾಡಿಕೊಂಡಿದ್ದೇವೆ ಎಂದು ಕೇಳಿಕೊಳ್ಳಬೇಕು. ಐವತ್ತು ಅರವತ್ತು ಕಿಲೋ ತೂಗುವ ಮನುಷ್ಯನನ್ನು ಕೊಲ್ಲುವ ಅಗತ್ಯ ಈ ಹಾವಿಗೆ ಎಂದೂ ಬಿದ್ದಿಲ್ಲ. ಅದರ ವಿಷ ತಯಾರಾಗಿರುವುದು ಹುಳಹಾವಿಗಾಗಿ. ಹುಳಹಾವಿನ ಮಟ್ಟಿಗೆ ಆ ವಿಷದಲ್ಲಿ ಸೌಮ್ಯವೆನ್ನುವುದು ಏನೂ ಇಲ್ಲ.

ಹುಳಹಾವು ಯಾವುದೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಮಳೆ ಬಂದ ರಾತ್ರಿ ಬಚ್ಚಲ ಮೋರಿಯಿಂದ ಮೇಲೆ ಬರುವ, ಹೂಕುಂಡ ಎತ್ತಿದಾಗ ಅಡಿಯಲ್ಲಿ ಹೊರಳಾಡುವ, ಎರೆಹುಳುವೋ ಹಾವೋ ಎಂದು ಗೊಂದಲ ಹುಟ್ಟಿಸುವ ಕಪ್ಪು ಜೀವಿ. ನಾಲಿಗೆ ಆಡಿಸಿದರೆ ಅದು ಹಾವೇ. ಅದರ ಕಣ್ಣು ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕೆಯಾಗಿ ಉಳಿದಿದೆ, ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುವುದಕ್ಕಿಂತ ಹೆಚ್ಚಿನ ಕೆಲಸ ಆ ಕಣ್ಣಿಗಿಲ್ಲ. ವಿಷವಿಲ್ಲ, ಕಚ್ಚುವುದಿಲ್ಲ. ಇರುವೆಗಳ, ಗೆದ್ದಲುಗಳ ಮೊಟ್ಟೆ ಮರಿ ಅದರ ಊಟ. ಇದರ ಸಂಸಾರವೂ ಅಚ್ಚರಿಯದು. ನಮ್ಮ ಮನೆಗಳ ಹತ್ತಿರ ಸಿಗುವ ಈ ಜಾತಿಯಲ್ಲಿ ಎಲ್ಲವೂ ಹೆಣ್ಣು. ಗಂಡಿನ ನೆರವಿಲ್ಲದೆ ತಾಯಿಯೊಂದೇ ಫಲವುಳ್ಳ ಮೊಟ್ಟೆ ಇಡುತ್ತದೆ, ಅದರಿಂದ ಮತ್ತೆ ಹೆಣ್ಣುಮರಿಗಳೇ ಬರುತ್ತವೆ. ಹೀಗಾಗಿ ಗಿಡದ ಬೇರಿನ ಮಣ್ಣಿನಲ್ಲಿ ಒಂದೇ ಒಂದು ಹುಳಹಾವು ಕೂತು ಹಡಗು ಹತ್ತಿದರೂ ಸಾಕು, ಇಳಿದ ಊರಿನಲ್ಲಿ ಹೊಸ ವಂಶ ಶುರುವಾಗುತ್ತದೆ. ನರ್ಸರಿ ಗಿಡಗಳ ವ್ಯಾಪಾರದ ಬೆನ್ನು ಹತ್ತಿ ಅದು ಆಫ್ರಿಕಾ, ಆಸ್ಟ್ರೇಲಿಯಾ, ಹವಾಯಿ, ಮೆಕ್ಸಿಕೊ, ಫ್ಲಾರಿಡಾ ಎಲ್ಲ ತಲುಪಿದೆ. ತಾನಾಗಿ ಒಂದು ಡಾಂಬರು ರಸ್ತೆ ದಾಟುವುದೇ ಕಷ್ಟವಾಗಿರುವ ಹಾವು ಸಮುದ್ರಗಳನ್ನು ದಾಟಿದೆ. ನನ್ನ ಮಟ್ಟಿಗೆ ನಮ್ಮ ನೆಲದ ಅತಿ ದೊಡ್ಡ ಪ್ರಯಾಣಿಕ ಇದೇ.

ಈ ಹುಳಹಾವನ್ನು ಹವಳದ ಹಾವು ಬೆನ್ನಟ್ಟುತ್ತದೆ. ಬಿಲದ ಕತ್ತಲಲ್ಲಿ ಕಣ್ಣಿನ ಉಪಯೋಗ ಕಡಿಮೆ, ವಾಸನೆಯೇ ದಾರಿ. ನಾಲಿಗೆ ಆಡಿಸಿ ವಾಸನೆಯ ಜಾಡು ಹಿಡಿದು ಹೋಗಿ ಕಚ್ಚುತ್ತದೆ. ಹಿಡಿದ ಬೇಟೆ ನುಣುಪು, ಅದು ಬಿಡಿಸಿಕೊಳ್ಳಲು ಹೊರಳಾಡುತ್ತದೆ. ಇಕ್ಕಟ್ಟಿನ ಬಿಲದಲ್ಲಿ ಅದನ್ನು ಸುತ್ತಿ ಉಸಿರುಗಟ್ಟಿಸುವಷ್ಟು ಜಾಗವಿಲ್ಲ. ಇಲ್ಲಿ ವಿಷಕ್ಕೆ ಬೆಲೆ ಬರುತ್ತದೆ. ಬೇಟೆಯ ನರಗಳ ಹಿಡಿತ ತಪ್ಪಿಸಿ ಅದನ್ನು ಅಲುಗದ ಹಾಗೆ ಮಾಡಿದರೆ ಮಾತ್ರ ನುಂಗಲು ಸಾಧ್ಯ. ಇನ್ನು, ಅಷ್ಟು ಚಿಕ್ಕ ಬಾಯಿಗೆ ಕಪ್ಪೆ, ಇಲಿ ಹಿಡಿಸುವುದಿಲ್ಲ. ತೆಳ್ಳಗೆ ಉದ್ದಕ್ಕಿರುವ ಇನ್ನೊಂದು ಹಾವು ಹಿಡಿಸುತ್ತದೆ. ಹವಳದ ಹಾವಿನ ತಲೆಯ ಅಗಲ, ಹಲ್ಲಿನ ಉದ್ದ, ವಿಷದ ಪ್ರಮಾಣ ಎಲ್ಲವನ್ನೂ ಹುಳಹಾವು ನಿರ್ಧರಿಸಿದೆ ಎಂದರೆ ಅತಿಶಯೋಕ್ತಿಯಾಗದು.

ಬೇಟೆ ಬೇರೆಯಾದರೆ ವಿಷವೂ ಬೇರೆಯಾಗುತ್ತದೆ ಎನ್ನುವುದಕ್ಕೆ ಇದರ ಹತ್ತಿರದ ಬಂಧುವೇ ಸಾಕ್ಷಿ. ಮಲೇಷ್ಯಾ, ಇಂಡೋನೇಷ್ಯಾ ಕಾಡುಗಳಲ್ಲಿ ಇದೇ ಕ್ಯಾಲಿಯೋಫಿಸ್ ಪಂಗಡದ ನೀಲಿ ಹವಳದ ಹಾವಿದೆ. ಉದ್ದ ಒಂದೂವರೆ ಮೀಟರಿನ ಮೇಲೆ ಹೋಗಬಲ್ಲದು, ಬೇಟೆಯಾಡುವುದು ತಿರುಗಿ ಬೀಳಬಲ್ಲ ಹಾವುಗಳನ್ನು. ಅದರ ವಿಷದ ಗ್ರಂಥಿ ತಲೆಯಲ್ಲಿ ನಿಲ್ಲದೆ ಮೈಯ ಕಾಲುಭಾಗಕ್ಕೂ ಮೀರಿ ಒಳಗೆ ಚಾಚಿಕೊಂಡಿದೆ. 2016ರಲ್ಲಿ ಪ್ರಕಟವಾದ ಸಂಶೋಧನೆ ಅದರ ವಿಷದಲ್ಲಿ ಕ್ಯಾಲಿಯೋಟಾಕ್ಸಿನ್ ಎಂಬ ಅಂಶವನ್ನು ಗುರುತಿಸಿತು. ನಾಗರ, ಕಟ್ಟುಹಾವುಗಳ ವಿಷ ಸ್ನಾಯುಗಳನ್ನು ಸಡಿಲಗೊಳಿಸಿ ಪಾರ್ಶ್ವವಾಯು ತಂದರೆ, ಇದು ನರಗಳ ಸೋಡಿಯಂ ದ್ವಾರಗಳನ್ನು ಮುಚ್ಚಲು ಬಿಡದೆ ಇಡೀ ಮೈಯನ್ನು ಒಂದೇ ಸಲ ಸೆಟೆಯುವಂತೆ ಮಾಡುತ್ತದೆ. ಬೇಟೆ ತಿರುಗಿ ಕಚ್ಚುವುದಕ್ಕೆ ಒಂದು ಕ್ಷಣವೂ ಸಿಗುವುದಿಲ್ಲ. ಒಂದೇ ಪಂಗಡದಲ್ಲಿ ಹುಳಹಾವು ತಿನ್ನುವ ಬಡಪಾಯಿಯೂ ಇದೆ, ಮನುಷ್ಯನಿಗೂ ಅಪಾಯಕಾರಿಯಾದ ಬೇಟೆಗಾರನೂ ಇದೆ.

ನಮ್ಮ ಪಶ್ಚಿಮಘಟ್ಟದಲ್ಲಿ ಇನ್ನೂ ಕೆಲವು ಹವಳದ ಹಾವುಗಳಿವೆ. ಪಟ್ಟೆ ಹವಳದ ಹಾವು ಒಂದು ಮೀಟರ್ ದಾಟುತ್ತದೆ. ಕೊಡಗಿನ ಕಡೆ ಬಿಬ್ರೋನ್ ಹವಳದ ಹಾವು ಸಿಗುತ್ತದೆ. ಘಟ್ಟದ ಉತ್ತರ ಭಾಗದ ಹಾವೊಂದನ್ನು 2012ರಲ್ಲಷ್ಟೇ ಎರಿಕ್ ಸ್ಮಿತ್, ಹೇಮಂತ್ ಓಗಲೆ, ವಿ. ದೀಪಕ್, ವರದ್ ಗಿರಿ ಇವರು ಕ್ಯಾಲಿಯೋಫಿಸ್ ಕ್ಯಾಸ್ಟೋ ಎಂಬ ಹೊಸ ಪ್ರಭೇದವೆಂದು ಹೆಸರಿಸಿದರು. ಇಷ್ಟು ಜನ ಓಡಾಡುವ ಘಟ್ಟದಲ್ಲಿ ವಿಷದ ಹಾವೊಂದು 2012ರವರೆಗೆ ಹೆಸರಿಲ್ಲದೆ ಇತ್ತು!

ಬಯಲಿನ ನಮ್ಮ ತೆಳು ಹವಳದ ಹಾವಿಗೆ ಮಾತ್ರ ಹೆಸರು ಬೇಗ ಬಂತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ಪ್ರಕೃತಿಶಾಸ್ತ್ರಜ್ಞ ಪ್ಯಾಟ್ರಿಕ್ ರಸೆಲ್ ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ ಬಣ್ಣದ ಚಿತ್ರಗಳ ದೊಡ್ಡ ಪುಸ್ತಕ ಹೊರತಂದದ್ದು 1796ರಲ್ಲಿ. ಯಾವ ಹಾವಿಗೆ ವಿಷವಿದೆ, ಯಾವುದಕ್ಕಿಲ್ಲ ಎಂದು ಜನಸಾಮಾನ್ಯರೂ ಕಂಪನಿಯ ಸಿಪಾಯಿಗಳೂ ತಿಳಿಯಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಕೋಳಿ, ನಾಯಿಗಳಿಗೆ ಹಾವು ಕಚ್ಚಿಸಿ ಪರೀಕ್ಷೆಗಳನ್ನೂ ಮಾಡಿದ. ಬ್ರಿಟಿಷ್ ಮ್ಯೂಸಿಯಮ್ಮಿನ ಜಾರ್ಜ್ ಶಾ 1802ರಲ್ಲಿ ಈ ಹವಳದ ಹಾವಿಗೆ ಲ್ಯಾಟಿನ್ ಹೆಸರು ಕೊಟ್ಟ. ಕೊಳಕುಮಂಡಲಕ್ಕೆ 1797ರಲ್ಲಿ ರಸೆಲನ ಹೆಸರಿಟ್ಟವರಲ್ಲಿ ಇದೇ ಶಾ ಒಬ್ಬ. ಎರಡು ಶತಮಾನಗಳಿಂದ ಈ ಹಾವು ವಿಜ್ಞಾನಕ್ಕೆ ಗೊತ್ತಿದೆ. ಆದರೂ ರಸೆಲ್ ಕೇಳಿದ ಪ್ರಶ್ನೆಯನ್ನೇ, ‘ಇದಕ್ಕೆ ವಿಷ ಇದೆಯೇ?’ ಎಂಬುದನ್ನೇ, ಮಾಕಳಿಯ ಪಾಯದ ಗುಂಡಿಯ ಸುತ್ತ ನಿಂತವರು ಇವತ್ತೂ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರ ಸಿಗುವ ಮೊದಲು ಸಲಾಕೆ ಬೀಳುವುದಷ್ಟೇ ನನ್ನ ತಕರಾರು.

ಗುರುತು ಹಿಡಿಯುವುದು ಸುಲಭವಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಕರಿತಲೆಯ ಒಂದು ನಿರುಪದ್ರವಿ ಹಾವು ಹವಳದ ಹಾವನ್ನೇ ಹೋಲುತ್ತದೆ. ಅದಕ್ಕೂ ಕಂದು ಮೈ, ಕಪ್ಪು ತಲೆ. ಆದರೆ ಹೊಟ್ಟೆ ಕೆಂಪಲ್ಲ, ಹಳದಿ ಛಾಯೆಯದು. ಬಾಲದಲ್ಲಿ ಆ ಎರಡು ಕಪ್ಪು ಪಟ್ಟೆಗಳೂ ಇಲ್ಲ. ಇನ್ನು ಕಟ್ಟುಹಾವಿನ ಮರಿ ಕಪ್ಪಗೆ ಹೊಳೆಯುತ್ತದೆ, ಬೆನ್ನಿನ ಮೇಲೆ ಬಿಳಿ ಅಡ್ಡಗೆರೆಗಳಿರುತ್ತವೆ. ಹುಳಹಾವುಗಳನ್ನು ತಿನ್ನಲು ಅದೂ ಇದೇ ಮಣ್ಣಿಗೆ ಬರುತ್ತದೆ. ಮನೆಗಳಲ್ಲಿ ಓಡಾಡುವ ನಿರುಪದ್ರವಿ ತೋಳಹಾವಿಗೂ ಅಂಥದೇ ಬಿಳಿ ಗೆರೆಗಳು. ಈ ಗೊಂದಲ ಎಷ್ಟು ಘೋರವಾಗಬಲ್ಲದು ಎನ್ನುವುದಕ್ಕೆ ಜೋ ಸ್ಲೊವಿನ್‌ಸ್ಕಿಯ ಸಾವಿಗಿಂತ ಬೇರೆ ಉದಾಹರಣೆ ಬೇಡ. ಅಮೆರಿಕದ ಈ ಉರಗತಜ್ಞ ಏಷ್ಯಾದ ಹವಳದ ಹಾವುಗಳ ವಂಶಾವಳಿಯನ್ನೇ ಅಧ್ಯಯನ ಮಾಡಿದವನು. ಆ ಪ್ರಬಂಧ ಪ್ರಕಟವಾದ 2001ರಲ್ಲೇ, ಸೆಪ್ಟೆಂಬರ್ ತಿಂಗಳಲ್ಲಿ, ಬರ್ಮಾದ ಉತ್ತರದ ಕಾಡಿನಲ್ಲಿ ಚೀಲದೊಳಗಿದ್ದ ಸಣ್ಣ ಹಾವೊಂದು ಅವನ ಬೆರಳಿಗೆ ಕಚ್ಚಿತು. ವಿಷವಿಲ್ಲದ್ದೆಂದು ಭಾವಿಸಿದ್ದ ಆ ಹಾವು ಕಟ್ಟುಹಾವಿನ ಜಾತಿಯದಾಗಿತ್ತು. ಮಾರನೆಯ ದಿನ ಅವನು ತೀರಿಕೊಂಡ. ಅವನಿಗಿಂತ ಚೆನ್ನಾಗಿ ಹಾವು ಬಲ್ಲವರು ಲೋಕದಲ್ಲಿ ಕೆಲವೇ ಮಂದಿ ಇದ್ದರು.

ಆದ್ದರಿಂದ ಸೌಮ್ಯ ವಿಷದ ಹಾವು ಎಂದು ಓದಿಕೊಂಡು ಯಾರೂ ಯಾವ ಸಣ್ಣ ಹಾವನ್ನೂ ಕೈಯಲ್ಲಿ ಹಿಡಿಯಬಾರದು. ಸಣ್ಣ ಹಾವು ಕಚ್ಚಿದರೆ ‘ಊತವಿಲ್ಲ, ನೋವಿಲ್ಲ’ ಎಂದು ಮನೆಯಲ್ಲಿ ಕೂರಲೂಬಾರದು. ಕಟ್ಟುಹಾವಿನ ಕಡಿತದಲ್ಲಿ ನೋವೂ ಊತವೂ ಇರದಿರುವುದೇ ಹೆಚ್ಚು. ಕೆಲವು ಗಂಟೆ ಕಳೆದ ಮೇಲೆ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ ಶುರುವಾಗಿ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಕಚ್ಚಿದ ಜಾಗ ಕೊಯ್ಯದೆ, ಹಗ್ಗ ಬಿಗಿಯದೆ, ಆ ಕೈ ಅಥವಾ ಕಾಲು ಅಲುಗದಂತೆ ಇಟ್ಟು ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಹವಳದ ಹಾವಿಗೆ ಬೇರೆ ಪ್ರತಿವಿಷವಿಲ್ಲ. ಊತ ತುರಿಕೆಗೆ ತಕ್ಕ ಚಿಕಿತ್ಸೆ ಸಾಕಾಗುತ್ತದೆ, ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಅಧ್ಯಯನವೊಂದು ಅಂದಾಜು ಮಾಡಿತು, ಅಂದರೆ ವರ್ಷಕ್ಕೆ ಸರಾಸರಿ 58,000. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಬಹಳ ತಡವಾಗಿ ಬಂದ ಒಳ್ಳೆಯ ಹೆಜ್ಜೆ ಅದು. ಹಾವಿನ ಪರವಾಗಿ ಬರೆಯುವವರು ಈ ಸಾವುಗಳನ್ನು ಮರೆತು ಬರೆದರೆ ಅದು ಹಳ್ಳಿಯವರಿಗೆ ಮಾಡುವ ಅನ್ಯಾಯ.

ಹವಳದ ಹಾವನ್ನು ಸಲಾಕೆಗಿಂತ ದೊಡ್ಡದಾಗಿ ಕಾಡುತ್ತಿರುವುದು ಬೇರೆಯೇ ಇದೆ. ಗಟ್ಟಿ ನೆಲ ಒಡೆಯುವ ಬಲ ಅದಕ್ಕಿಲ್ಲ ಎಂದೆನಲ್ಲ. ಬಡಾವಣೆ ಮಾಡುವಾಗ ಮೊದಲು ಹೋಗುವುದು ಮೇಲ್ಮಣ್ಣು. ಆಮೇಲೆ ಗ್ರಾವೆಲ್ ಸುರಿದು ರೋಲರ್ ಹೊಡೆಯುತ್ತಾರೆ. ಪಾಯದ ಗುಂಡಿಗೆ ಗೆದ್ದಲು ಬಾರದಿರಲೆಂದು ಕೀಟನಾಶಕ ಹಾಯಿಸುತ್ತಾರೆ. ಗೆದ್ದಲು ಇರುವೆ ಹೋದರೆ ಹುಳಹಾವಿಗೆ ಊಟವಿಲ್ಲ, ಹುಳಹಾವು ಹೋದರೆ ಹವಳದ ಹಾವಿಗೆ ಊಟವಿಲ್ಲ. ಬಿಟ್ಟುಹೋಗೋಣ ಎಂದರೂ ಇಷ್ಟು ಪುಟ್ಟ ಹಾವು ಕಾಂಕ್ರೀಟು ಚರಂಡಿ, ನಾಲ್ಕು ಪಥದ ರಸ್ತೆ ದಾಟಿ ಎಷ್ಟು ದೂರ ಹೋದೀತು? ಹುಳಹಾವಿಗಾದರೂ ಹೂಕುಂಡದ ದಾರಿಯಿದೆ, ಗಂಡಿನ ಹಂಗಿಲ್ಲ. ಹವಳದ ಹಾವಿಗೆ ಜೋಡಿ ಬೇಕು, ಮೊಟ್ಟೆ ಇಡಲು ತಂಪಾದ ಸಡಿಲ ಮಣ್ಣು ಬೇಕು. ಮಾಕಳಿಯಿಂದ ಉತ್ತರಕ್ಕಿರುವ ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಿ ಎಂದು ಪಕ್ಷಿಪ್ರೇಮಿಗಳು ವರ್ಷಗಟ್ಟಲೆ ಹೋರಾಡಿದ್ದು ಬಹುತೇಕ ರೆಕ್ಕೆಯಿದ್ದ ಜೀವಗಳ ಹೆಸರಿನಲ್ಲಿ. ಆ ಹೋರಾಟ ದೊಡ್ಡದು. ಅಂಥ ಉತ್ತು ಕೆದಕದ ನೆಲ ಉಳಿದರೆ ಮಣ್ಣಿನೊಳಗಿನವೂ ಉಳಿಯುತ್ತವೆ ಎಂಬ ವಾದವನ್ನು ಅದಕ್ಕೆ ಸೇರಿಸಬೇಕು. ನಾಗರಕಲ್ಲಿಗೆ ಅರಿಸಿನ ಕುಂಕುಮ ಹಚ್ಚುವ, ಘಾಟಿ ಸುಬ್ರಹ್ಮಣ್ಯಕ್ಕೆ ನಡೆದುಕೊಳ್ಳುವ ಸೀಮೆ ನಮ್ಮದು. ಹುತ್ತ ಕೆಡವಲು ಹಿಂಜರಿಯುವ ಮನಸ್ಸು ಇಲ್ಲಿ ಇನ್ನೂ ಇದೆ. ಹುತ್ತ ಕಟ್ಟಿದ್ದು ಗೆದ್ದಲು. ಹುತ್ತದ ಸುತ್ತ ಹತ್ತಡಿ ನೆಲ ಬಿಟ್ಟರೆ ನಾಗರನೊಂದೇ ಅಲ್ಲ, ಗೆದ್ದಲಿನಿಂದ ಹವಳದ ಹಾವಿನವರೆಗಿನ ಸಾಲೆಲ್ಲ ಬದುಕುತ್ತದೆ.

ಮಾಡಬಹುದಾದ ಕೆಲಸಗಳು ಸಣ್ಣವು. ಸೈಟಿನ ಮೂಲೆಯ ಕಲ್ಲುಗುಡ್ಡೆಯನ್ನು ಹಾಗೇ ಬಿಡಬಹುದು. ತೋಟದ ತರಗೆಲೆಗೆ ಬೆಂಕಿ ಹಾಕದೆ ಬೇಲಿಯ ಬುಡಕ್ಕೆ ಸರಿಸಬಹುದು. ಬದು ಕೀಳುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳದಿದ್ದರೆ ಒಳ್ಳೆಯದು, ಬಿಲಗಳಿಗೆ ನೀರು ನುಗ್ಗಿ ಹಾವುಗಳು ಮೇಲೆ ಬಂದಿರುವ ಕಾಲ ಅದು. ಮಣ್ಣಿನಿಂದ ಎದ್ದ ಹಾವಿಗೆ ಸ್ವಲ್ಪ ಹೊತ್ತು ಕೊಟ್ಟರೆ ತಾನೇ ಸಂದಿ ಹುಡುಕಿಕೊಂಡು ಹೋಗುತ್ತದೆ. ಹೋಗದಿದ್ದರೆ ಅನುಭವಸ್ಥ ಉರಗ ರಕ್ಷಕರನ್ನು ಕರೆಯಬೇಕು. ಅಷ್ಟರಲ್ಲಿ ದೂರದಿಂದಲೇ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಸಲಾಕೆಯ ಏಟಿಗೆ ಸತ್ತುಹೋಗಿದ್ದರೂ ತೆಗೆದುಕೊಳ್ಳಿ. ತಲೆ, ಬೆನ್ನು, ಬಾಲ ಕಾಣುವ ಚಿತ್ರಕ್ಕೆ ಊರು, ತಾರೀಖು ಸೇರಿಸಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೋ ಐನ್ಯಾಚುರಲಿಸ್ಟಿಗೋ ಹಾಕಿದರೆ ಅಲ್ಲಿನ ತಿಳಿದವರು ಗುರುತು ಹಿಡಿದು ಹೇಳುತ್ತಾರೆ. ನೆಲದೊಳಗಿನ ಹಾವುಗಳು ಎಲ್ಲೆಲ್ಲಿವೆ ಎಂಬ ನಕಾಶೆ ತುಂಬುವುದು ಹೀಗೆ ಆಕಸ್ಮಿಕವಾಗಿ ಸಿಕ್ಕವುಗಳ ದಾಖಲೆಯಿಂದಲೇ. ಪಾಯ ತೋಡುವ ಮೇಸ್ತ್ರಿ, ಜೆಸಿಬಿ ಓಡಿಸುವ ಹುಡುಗ, ಹೊಲ ಉಳುವ ರೈತ ಕಾಣುವಷ್ಟು ಹಾವುಗಳನ್ನು ಯಾವ ವಿಜ್ಞಾನಿಯೂ ಕಾಣಲಾರ.